ಅಟ್ಟದ ಮೇಲಿನ ತಪ್ಪಲೆ

ಫಾಲ್ಗುಣ ಕಳೆಯುತ್ತ ಬಂದಿತ್ತು. ಹುರುಳಿ ಒಕ್ಕಣೆ ಮುಗಿದು ಕಣಗಳು ಬರಿದಾಗಿದ್ದವು, ಹೊಂಗೆ ಚಿಗುರುತ್ತಿತ್ತು. ಬಿಸಿಲ ದಿನಗಳಾದ್ದರಿಂದ ಕಂಪಲಾಪುರದ ಶಾಲೆ ಬೆಳಗಿನ ಹೊತ್ತೇ ನಡೆದು ಬಿಟ್ಟಿತ್ತು. ಗೋಡೆಯ ನೆರಳು ಜಗಲಿಯಿಂದ ಕೆಳಗಿಳಿಯುವ ಹೊತ್ತಿಗೆ ಕಲಾಯಿ ಇಮಾಮ್ ಸಾಬರು ಶಾಲೆಯ ಮುಂದಿನ ಹುಣಸೆ ಮರದಡಿ ಗುಂಡಿ ತೋಡಿ, ತಿದಿಯ ಮೂತಿಯನ್ನು ಅದಕ್ಕೆ ಕೂಡಿಸಿ, ಇದ್ದಲು ಸುರಿದು ಬೆಂಕಿ ಮಾಡಿದರು. ಪಿರಿಯಾಪಟ್ಟಣದಿಂದ ಅವರು ವರ್ಷಕ್ಕೆ ಎರಡು ಸಲ ಬರುವವರು. ಯುಗಾದಿಗೆ ಮುಂಚೆ ಒಂದು ಸಲ, ಗೌರಿ ಹಬ್ಬಕ್ಕೆ ಮುಂಚೆ ಒಂದು ಸಲ. ಅವರು ಬಂದರೆಂದರೆ ಊರ ಹೆಂಗಸರೆಲ್ಲ ಕಪ್ಪಾದ ಹಿತ್ತಾಳೆ ತಾಮ್ರ ಹೊತ್ತು ಬರುತ್ತಿದ್ದರು. ಗಂಡಸರು ಏನೂ ಹೊರದೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು.

ಗಂಡಸರು ಬರುತ್ತಿದ್ದದ್ದು ಕಲಾಯಿ ನೋಡಲಿಕ್ಕಲ್ಲ, ನೀಲಕಂಠಸ್ವಾಮಿ ಮೇಷ್ಟ್ರ ಮಾತು ಕೇಳಲಿಕ್ಕೆ. ಮೇಷ್ಟ್ರಿಗೆ ಆಗ ನಲವತ್ತರ ಹತ್ತಿರ. ಶಾಲೆಗೆ ಅಂಟಿಕೊಂಡ ಹಿಂದಿನ ಕೋಣೆಯಲ್ಲೇ ಅವರ ವಾಸ. ಲೋಕದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಲೋಕ ನಡೆಯುವ ರೀತಿ ಕಂಡರೆ ಸದಾ ಒಂದು ನಗು. ಆ ನಗುವನ್ನು ನಾಲ್ಕು ಜನಕ್ಕೆ ಹಂಚದೆ ಇದ್ದರೆ ಅವರಿಗೂ ಹೊತ್ತು ಹೋಗುತ್ತಿರಲಿಲ್ಲ.

"ನಾಡಿದ್ದು ಹುಣಸೂರಿಗೆ ಹೋಗಿ ಬರಾನ ಅಂತಿದ್ದೆ ಮೇಷ್ಟ್ರೇ," ಎಂದ ಕುರಿಮಂದೆಯ ಸಣ್ಣಬೀರಯ್ಯ. "ಆಮೇಕೆ ನೆಪ್ಪಾಯ್ತು, ನಾಡಿದ್ದು ಸ್ವಾಮಾರ. ಎತ್ತು ಕಟ್ಟಂಗಿಲ್ಲ."

"ನಮ್ಮ ಸೀಮೆಯ ವಾರವನ್ನೇ ಒಂದು ಸಲ ಬಿಡಿಸಿ ನೋಡು ಬೀರಯ್ಯ," ಎಂದರು ಮೇಷ್ಟ್ರು, ಎಲೆಯ ತೊಟ್ಟು ಮುರಿಯುತ್ತ. "ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡೋ ಹಾಗಿಲ್ಲ. ಮಂಗಳವಾರ, ಶುಕ್ರವಾರ ಮನೆ ಹೆಣ್ಣುಮಗಳು ತವರಿನ ಹೊಸಲು ದಾಟೋ ಹಾಗಿಲ್ಲ. ದಾಟಿದಳು ಅಂದ್ರೆ ಲಕ್ಷ್ಮಿ ಅವಳ ಸೆರಗು ಹಿಡಕೊಂಡು ಹೊರಟುಹೋಗ್ತಾಳೆ. ಶನಿವಾರ ಕಬ್ಬಿಣ ತರೋ ಹಾಗಿಲ್ಲ, ಎಣ್ಣೆ ತರೋ ಹಾಗಿಲ್ಲ. ಭಾನುವಾರ ಸರ್ಕಾರವೇ ಕದ ಹಾಕ್ಕೊಂಡು ಮಲಗುತ್ತೆ. ಉಳಿದದ್ದು ಬುಧವಾರ, ಗುರುವಾರ. ಬುಧವಾರ ಸಂತೆ. ಗುರುವಾರ ಸಂತೇಲಿ ತಂದದ್ದು ತಿಂದು ಅರಗಿಸಿಕೋಬೇಕು. ಇನ್ನು ಮನುಷ್ಯ ಬದುಕೋದು ಯಾವತ್ತು?"

ಜಗಲಿಯೆಲ್ಲ ನಕ್ಕಿತು. ಹಿತ್ತಾಳೆ ಕೊಡ ಇಳಿಸುತ್ತಿದ್ದ ಪಕ್ಕದ ಮನೆಯ ಪುಟ್ಟಮಲ್ಲಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು, "ನೀವು ಬದುಕ್ತಾ ಇಲ್ವೆ? ವಾರ ಪೂರಾ ಬಾಯಲ್ಲೇ ಉತ್ತು ಬಾಯಲ್ಲೇ ಬಿತ್ತಿ," ಎಂದಳು. ಮುದುಕಿಯ ಮಾತಿಗೆ ಮೇಷ್ಟ್ರೂ ನಕ್ಕರು.

ಪುಟ್ಟಮಲ್ಲಮ್ಮನಿಗೆ ಅವರನ್ನು ಹಾಗೆ ಅನ್ನುವ ಸಲಿಗೆ ಇತ್ತು. ಜಗಲಿ ಖಾಲಿಯಾದ ಮೇಲೆ ಮೇಷ್ಟ್ರು ಹೇಗಿರುತ್ತಾರೆ ಎಂದು ನೋಡಿದ್ದವಳು ಅವಳೊಬ್ಬಳೇ. ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದು, ಅವರು ಹೇಳಿದ್ದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತ ಮನೆಗಳಿಗೆ ಹೋಗುತ್ತಿದ್ದರು. ಆ ನಗು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು. ಆಮೇಲೆ ಯಾರದೋ ಮನೆಯಲ್ಲಿ ತಟ್ಟೆ ಇಡುವ ಸದ್ದು, ಯಾವುದೋ ತಾಯಿ ಮಗುವನ್ನು ಗದರುವ ಸದ್ದು. ಮೇಷ್ಟ್ರು ಪೊರಕೆ ತಂದು ಜಗಲಿಯ ಮೇಲಿನ ವೀಳ್ಯದ ತೊಟ್ಟುಗಳನ್ನು ತಾವೇ ಗುಡಿಸುತ್ತಿದ್ದರು. ಅವಸರವಿಲ್ಲದೆ ಗುಡಿಸುತ್ತಿದ್ದರು. ಗುಡಿಸಿಯಾದ ಮೇಲೆ ಇನ್ನೊಂದು ಸಲ ಗುಡಿಸುತ್ತಿದ್ದರು. ಒಳಗೆ ಹೋಗಿ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು, ಪುಟ್ಟಮಲ್ಲಮ್ಮ ಕೊಟ್ಟ ಸಾರು ಹಾಕಿಕೊಂಡು ಉಣ್ಣುತ್ತಿದ್ದರು. ಉಣ್ಣುವಾಗ ಏನಾದರೂ ತಮಾಷೆಯ ಮಾತು ಹೊಳೆದರೆ ತಲೆಯೆತ್ತುತ್ತಿದ್ದರು. ಎದುರಿಗೆ ಗೋಡೆ.

ಅವತ್ತೂ ಇಮಾಮ್ ಸಾಬರ ಮುಂದೆ ಅವರು ತಂದಿಟ್ಟದ್ದು ಒಂದು ಪುಟ್ಟ ತಪ್ಪಲೆ, ಒಂದು ಚೊಂಬು.

"ಇಷ್ಟೇನಾ ಮೇಷ್ಟ್ರೇ, ಈ ಸಲಾನೂ?"

"ನನ್ನ ಹೊಟ್ಟೆಗೆ ಅಷ್ಟೇ ಸಾಬ್ರೇ. ನಾಲಿಗೆಗೆ ಕಲಾಯಿ ಹಾಕೋದಾದ್ರೆ ಹೇಳಿ, ಜಗಲಿಯವರೆಲ್ಲ ಸೇರಿ ಚಂದಾ ಎತ್ತುತ್ತಾರೆ."

ಇಮಾಮ್ ಸಾಬರು ನಗುತ್ತ ತಿದಿ ಒತ್ತಿದರು. ಅವರ ಕಸಬಿನಲ್ಲಿ ಒಂದು ಕಟ್ಟು ಇತ್ತು. ಕಲಾಯಿಯವರು ಊರುಗಳನ್ನು ಹಂಚಿಕೊಂಡಿದ್ದರು. ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಪಿರಿಯಾಪಟ್ಟಣ, ಹುಣಸೂರು ಸೀಮೆ ಇವರದು. ಹೊಳೆಯಾಚೆಯ ಊರುಗಳು ಇವರ ಭಾವ ಅಬ್ದುಲ್ ಅಜೀಜರದು. ಹೊಗೆ ಕುಡಿದು ಕುಡಿದು ಅಜೀಜರ ಎದೆ ಈ ವರ್ಷ ಕೈಕೊಟ್ಟಿತ್ತು. ಊರುಗಳನ್ನು ಹಾಗೇ ಬಿಟ್ಟರೆ ಬೇರೆಯವರು ನುಗ್ಗುತ್ತಾರೆಂದು ಇಮಾಮ್ ಸಾಬರೇ ಮೊದಲ ಸಲ ಆ ಕಡೆಗೂ ಒಂದು ಸುತ್ತು ಹೋಗಿ ಬಂದಿದ್ದರು. ಎಡತೊರೆಯನ್ನು ಕೃಷ್ಣರಾಜನಗರ ಎಂದು ಕರೆಯಲು ಶುರುಮಾಡಿ ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. ಹಳಬರ ಬಾಯಲ್ಲಿ ಅದು ಎಡತೊರೆಯೇ.

"ಎಡತೊರೆ ಸೀಮೆ ಜನ ಬಲೇ ಬಿಗಿ ಕಣ್ರೀ," ಎಂದು ಶುರುಮಾಡಿದರು ಸಾಬರು. "ಒಂದು ಊರಲ್ಲಿ ನಿಮ್ಮ ಶಿವಾಚಾರದವರ ಮನೇದೊಂದು ಸಮಾಚಾರ ಕೇಳಿ. ಒಬ್ಬ ಹೆಣ್ಮಗಳು ತವರಲ್ಲೇ ಅವ್ರೆ. ಹಬ್ಬ ಹತ್ರ ಬಂತು ಅಂದ್ರೆ ಸೀರೆ ಎಲ್ಲಾ ಮಡಿಸಿ ಪೆಟ್ಟಿಗೇಲಿ ಇಡೋದು. ಗಂಡನ ಕಡೆಯೋರು ಕರಿಯಾಕೆ ಬತ್ತಾರೆ ಅಂತ. ಯಾರೂ ಬರಾಕಿಲ್ಲ. ಹಬ್ಬ ಕಳೀತು ಅಂದ್ರೆ ಪೆಟ್ಟಿಗೆ ಬಿಚ್ಚೋದು. ಮತ್ತೆ ಹಬ್ಬ, ಮತ್ತೆ ಪೆಟ್ಟಿಗೆ. ಊರು ಹೆಂಗಸ್ರೆಲ್ಲ ನಗಾಡ್ತಾರೆ. 'ಅವಳು ಪೆಟ್ಟಿಗೆ ಕಟ್ಟಿದ್ಲಾ? ಅಂಗಾರೆ ಹಬ್ಬ ಬಂತು ಬುಡು' ಅಂತಾರೆ."

"ಯಾಕೆ, ಗಂಡ ಬುಟ್ಬುಟ್ಟವ್ನಾ?" ಎಂದ ಸಣ್ಣಬೀರಯ್ಯ.

"ಬುಟ್ಟೂ ಇಲ್ಲ, ಕಟ್ಟೂ ಇಲ್ಲ. ಅವಯ್ಯ ಅಲ್ಲಿ ಕುಂತ್ಕೊಂಡು 'ಕಳಿಸ್ಲಿ' ಅಂತಾನಂತೆ. ಇವ್ರು ಇಲ್ಲಿ ಕುಂತ್ಕೊಂಡು 'ಕರೀಲಿ' ಅಂತಾರೆ. ಮಧ್ಯ ಹೊಳೆ ಹರೀತಾ ಅದೆ."

ನಗು ಎದ್ದಿತು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಇಂಥ ಸುದ್ದಿಗೆ ಅವರು ಒಂದು ಒಗ್ಗರಣೆ ಹಾಕದೆ ಬಿಡುವವರಲ್ಲ.

"ಗಂಡಸು ಜಾತಿಯೇ ಹಾಗೆ," ಎಂದರು ಮೇಷ್ಟ್ರು. "ಎತ್ತು ತಪ್ಪಿಸಿಕೊಂಡ್ರೆ ಮೂರು ಹೋಬಳಿ ಸುತ್ತಿ ಹುಡುಕ್ತಾನೆ. ಕಂಡಕಂಡವರನ್ನ 'ಕೊಂಬು ಹಿಂಗಿತ್ತು, ಬಾಲ ಹಿಂಗಿತ್ತು, ನೋಡಿದ್ರಾ' ಅಂತ ಕೇಳ್ತಾನೆ. ಆಗ ಮಾನ ಹೋಗಲ್ಲ. ಹೆಂಡತೀನ ಕರೆಯೋಕೆ ಮಾತ್ರ ಮಾನ ಹೋಗುತ್ತೆ! ಈ ಮಾನ ಅನ್ನೋದು ಹಪ್ಪಳ ಇದ್ದ ಹಾಗೆ ಸಾಬ್ರೇ. ಮಳೆ ಬರದ ಹಾಗೆ, ಕಾಗೆ ಕೂರದ ಹಾಗೆ ಕಾದು ಕಾದು ಒಣಗಿಸ್ತೀವಿ. ಕಡೆಗೆ ಡಬ್ಬದಲ್ಲಿಟ್ಟು ತಿನ್ನೋದೇ ಮರೀತೀವಿ."

ಸಣ್ಣಬೀರಯ್ಯ ತೊಡೆ ತಟ್ಟಿಕೊಂಡು ನಕ್ಕ. ಇಮಾಮ್ ಸಾಬರು ಇಕ್ಕುಳದಲ್ಲಿ ತಪ್ಪಲೆ ಎತ್ತಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಬಿಳಿಯ ಹೊಗೆ ಏಳುತ್ತಿದ್ದಂತೆ ಹತ್ತಿಯಿಂದ ಒಳಗೆಲ್ಲ ಸವರಿದರು. ಪಾತ್ರೆಯ ಒಳಗು ಬೆಳ್ಳಗಾಯಿತು.

"ಸರಿಯಾಗಿ ಅಂದ್ರಿ. ಆ ಗಂಡ ಓದಿದೋನಂತೆ ಬೇರೆ. ಈ ಕಡೆ ಎಲ್ಲೋ ಮಕ್ಕಳಿಗೆ ಪಾಠ ಹೇಳ್ತಾನಂತೆ. ಪಾಪ, ಆ ತಾಯಿ ಬಾಣಂತನಕ್ಕೆ ಅಂತ ಬಂದೋರು. ಮಗು ಉಳೀಲಿಲ್ಲ. ಅಲ್ಲೇ ಉಳ್ಕೊಂಡ್ರು."

ಮೇಷ್ಟ್ರ ಕೈಯಲ್ಲಿ ಎಲೆ ಹಾಗೇ ಇತ್ತು. "ಯಾವ ಊರು ಅಂದ್ರಿ?"

"ಭೇರ್ಯ."

ಪುಟ್ಟಮಲ್ಲಮ್ಮ ಕೊಡವನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಇಟ್ಟಳು. ಮೇಷ್ಟ್ರ ಹೆಂಡತಿ ಹೊಳೆಯಾಚೆಯ ತವರಲ್ಲಿದ್ದಾಳೆ ಎನ್ನುವುದು ಜಗಲಿಯವರಿಗೆಲ್ಲ ಗೊತ್ತು. ಊರ ಹೆಸರು ಗೊತ್ತಿದ್ದದ್ದು ಪುಟ್ಟಮಲ್ಲಮ್ಮನೊಬ್ಬಳಿಗೇ. ಆದರೂ ಒಬ್ಬೊಬ್ಬರ ಮುಖದ ನಗು ಒಂದೊಂದಾಗಿ ಇಳಿಯಿತು. ಸಣ್ಣಬೀರಯ್ಯ ತೊಡೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಕಂಬಳಿಯೊಳಗೆ ಇಟ್ಟುಕೊಂಡ. ಏನೂ ತಿಳಿಯದ ಇಮಾಮ್ ಸಾಬರು ಮಾತ್ರ ತಿದಿ ಒತ್ತುತ್ತಲೇ ಇದ್ದರು.

"ಅಂಥ ಗಂಡನ್ನ ಒಂದನೇ ತರಗತೀಲಿ ಕೂರಿಸಬೇಕು," ಎಂದು ಮೇಷ್ಟ್ರು ಎದ್ದರು. ಯಾರೂ ನಗಲಿಲ್ಲ. ಅವರು ಕೋಣೆಗೆ ಹೋಗಿ ಕದ ಮುಂದೆ ಮಾಡಿಕೊಂಡರು. ಕಲಾಯಿ ಹಾಕಿದ ಪುಟ್ಟ ತಪ್ಪಲೆ ಮರದಡಿಯಲ್ಲೇ ಉಳಿಯಿತು.

ಆದದ್ದು ಇಷ್ಟೇ. ಮೇಷ್ಟ್ರ ಹುಟ್ಟೂರು ಹುಣಸೂರು ತಾಲೂಕಿನ ಗುರುಪುರ. ಅವರ ಮನೆತನದಲ್ಲಿ ಬಾಣಂತನಕ್ಕೆ ಹೋದ ಸೊಸೆಯನ್ನು ತವರಿನವರೇ ಗಾಡಿ ಕಟ್ಟಿಕೊಂಡು ತಂದು ಬಿಟ್ಟು ಹೋಗಬೇಕು. ಗಂಡನಾದವನು ತಾನೇ ಹೋಗಿ ನಿಂತರೆ, 'ನೀವು ಮಗಳನ್ನು ಇಟ್ಟುಕೊಂಡಿದ್ದೀರಿ' ಎಂದು ಮಾವನ ಮನೆಯವರನ್ನು ಬೈದ ಹಾಗೆ. ಭೇರ್ಯದ ಮನೆತನದಲ್ಲಿ ಇದರ ತಿರುಗುಮುರುಗು. ಗಂಡನ ಕಡೆಯಿಂದ ಒಬ್ಬ ಮುತ್ತೈದೆ ಬಂದು, ಹೊಸ ಕುಪ್ಪಸದ ಕಣ ಇಟ್ಟು ಮಡಿಲು ತುಂಬಿ ಕರೆಯಬೇಕು. ಕರೆಯದೆ ಕಳಿಸಿದರೆ ಹೊರೆ ಇಳಿಸಿದ ಹಾಗೆ. ಅಂಥ ಹೆಣ್ಣಿಗೆ ಗಂಡನ ಮನೆಯಲ್ಲಿ ಬೆಲೆಯಿಲ್ಲ.

ಮಗು ಹೋದ ಸುದ್ದಿ ಬಂದಾಗ ಮೇಷ್ಟ್ರು ಭೇರ್ಯಕ್ಕೆ ಹೋಗಿದ್ದರು. ಅವರು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಹೆಂಡತಿ ಗುರುಶಾಂತಮ್ಮ ನಡುಮನೆಯ ಕತ್ತಲಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೇಷ್ಟ್ರು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಹೊರಡುವಾಗ ಮಾವನಿಗೆ, "ಸುಧಾರಿಸಿಕೊಂಡ ಮೇಲೆ ಕಳಿಸಿಕೊಡಿ," ಎಂದರು. ಮಾವ, "ಅದಕ್ಕೇನು, ಬನ್ನಿ," ಎಂದ. ಇಬ್ಬರಿಗೂ ತಮ್ಮ ತಮ್ಮ ಮಾತು ಮುಗಿಯಿತು ಅನ್ನಿಸಿತು. ಮೇಷ್ಟ್ರು ಗಾಡಿಯ ದಾರಿ ನೋಡಿದರು. ಭೇರ್ಯದವರು ಮುತ್ತೈದೆಯ ದಾರಿ ನೋಡಿದರು. ಮೊದಲ ಹಬ್ಬ ಕಳೆದಾಗ ಎರಡು ಕಡೆಗೂ ಸ್ವಲ್ಪ ನೋವಾಯಿತು. ಎರಡನೆಯದು ಕಳೆದಾಗ ನೋವು ಗಟ್ಟಿಯಾಯಿತು. ನಡುವೆ ಬಂದುಹೋದ ಒಂದೆರಡು ಕಾರ್ಡುಗಳಲ್ಲಿ ಮಳೆ ಬೆಳೆಯ ವಿಷಯ ಇತ್ತು, 'ಎಲ್ಲರೂ ಕ್ಷೇಮ' ಎಂದಿತ್ತು. ಹೀಗೆ ಐದಾರು ವರ್ಷ.

ಆ ಸಂಜೆ ಪುಟ್ಟಮಲ್ಲಮ್ಮ ಸಾರಿನ ಬಟ್ಟಲು ಹಿಡಿದು ಬಂದಾಗ ಮೇಷ್ಟ್ರು ದೀಪ ಹಚ್ಚಿರಲಿಲ್ಲ.

"ಒಲೆ ಹಚ್ಚಿಲ್ವಾ?"

"ತಪ್ಪಲೆ ಹೊರಗೇ ಇದೆ."

"ಇಕಳ್ಳಿ, ತಂದಿವ್ನಿ." ಅವಳು ತಪ್ಪಲೆಯನ್ನು ಅವರ ಮುಂದೆ ಕುಕ್ಕಿದಳು. "ಕೇಳಿಸ್ಕೊಂಡ್ರಲ್ಲ, ಕಿವಿ ತುಂಬ? ಹೋಗಿ ಕರ್ಕೊಂಡು ಬನ್ನಿ."

"ನಾನು ಹೋದ್ರೆ ಆಗಲ್ಲ ಪುಟ್ಟಮಲ್ಲಮ್ಮ. ಅವರಲ್ಲಿ ಮುತ್ತೈದೆ ಹೋಗಬೇಕು, ಮಡಿಲು ತುಂಬಬೇಕು. ಅವ್ವ ಇದ್ದಿದ್ರೆ ಹೋಗ್ತಿದ್ದಳು. ಅಕ್ಕತಂಗಿ ಇಲ್ಲ. ಯಾರನ್ನ ಕಳಿಸಲಿ?"

"ನಾನೇ ಹೋಗಿರೋಳು. ಕುಂಕುಮ ಅಳಿಸ್ಕೊಂಡ ಮುಖ ತಕ್ಕೊಂಡು ಹೋದ್ರೆ ಬಾಗ್ಲಲ್ಲೇ ನಿಲ್ಲಿಸ್ತಾರೆ." ಅವಳು ಹೊಸಲ ಮೇಲೆ ಕುಳಿತಳು. "ಊರಿಗೆಲ್ಲ ಬುದ್ಧಿ ಹೇಳ್ತೀರಿ. ಈ ಮುತ್ತೈದೆ, ಮಡಿಲು, ಇವೆಲ್ಲ ನೆಪ ಕಣ್ರಪ್ಪ. ನಿಜ ಏಳಿ, ಯಾಕೆ ಹೋಗಾಕಿಲ್ಲ?"

ಮೇಷ್ಟ್ರು ತಪ್ಪಲೆಯನ್ನು ಪಕ್ಕಕ್ಕೆ ಸರಿಸಿದರು. ಬೀದಿಯಲ್ಲಿ ದನ ಬರುವ ಸದ್ದು ಕೇಳಿಸಿ, ದೂರವಾಗಿ, ನಿಂತಿತು.

"ಹೋದೆ ಅಂತ ಇಟ್ಕೋ. ಆಕೆ ಬರಲ್ಲ ಅಂದ್ರೆ?" ಎಂದರು. "ಈಗಲಾದ್ರೆ ಅವರು ಕಳಿಸಿಲ್ಲ ಅಂತ ಇದೆ. ಆಮೇಲೆ ಏನಂತ ಇರುತ್ತೆ?"

ಪುಟ್ಟಮಲ್ಲಮ್ಮ ಹೊಸಲಿನಿಂದ ಎದ್ದಳು. ಅವಳೇ ದೀಪ ಹಚ್ಚಿ, ಸಾರಿನ ಬಟ್ಟಲು ಮುಚ್ಚಿಟ್ಟು ಹೋದಳು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಮಕ್ಕಳು ಕೂರುವ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಅಟ್ಟ ಹತ್ತಿದರು. ಅಲ್ಲಿ ಗೋಣಿ ಹೊದಿಸಿದ್ದ ಮದುವೆಯ ಪಾತ್ರೆಗಳಿದ್ದವು. ದೊಡ್ಡ ತಪ್ಪಲೆ, ಅದರೊಳಗೆ ನಡುವಿನದು, ಅದರೊಳಗೆ ಚಿಕ್ಕ ಕೊಳದಪ್ಪಲೆ. ಗುರುಶಾಂತಮ್ಮ ಬಾಣಂತನಕ್ಕೆ ಹೊರಡುವ ಮುಂಚೆ, 'ಬಂದ ಮೇಲೆ ತೊಟ್ಟಿಲ ಶಾಸ್ತ್ರಕ್ಕೆ ಬೇಕಾಗ್ತವೆ' ಎಂದು ತಾನೇ ತೊಳೆದು ಒಣಗಿಸಿ ಮೇಲಿಡಿಸಿದ್ದಳು. ಮೇಷ್ಟ್ರು ಅವನ್ನು ಇಳಿಸಿ, ತಲೆಯ ಮೇಲೆ ಜೇಡರ ಬಲೆ ಮೆತ್ತಿಕೊಂಡೇ ಮರದಡಿಗೆ ಹೊತ್ತು ತಂದರು.

ಇಮಾಮ್ ಸಾಬರಿಗೆ ಅಷ್ಟು ಹೊತ್ತಿಗೆ ಯಾರೋ ವಿಷಯ ತಿಳಿಸಿದ್ದರು. ಅವರು ಮೇಷ್ಟ್ರ ಮುಖ ನೋಡಲಿಲ್ಲ. ದೊಡ್ಡ ತಪ್ಪಲೆಯನ್ನು ಬಿಸಿಲಿಗೆ ತಿರುಗಿಸಿ, ಅಂಚಿನ ಮೇಲೆ ಬೆರಳಾಡಿಸಿದರು.

"ಹೆಸರು ಕೆತ್ತವ್ರೆ. ಅಕ್ಷರದಲ್ಲೆಲ್ಲ ಕಿಲುಬು ಕೂತದೆ. ತೆಗೀಲಾ?"

"ತೆಗೀರಿ."

ಸಾಬರು ಪಾತ್ರೆಗೆ ಮರಳು ಸುರಿದು, ಗೋಣಿಚೂರು ಹಾಕಿ, ಒಳಗೆ ಇಳಿದು ನಿಂತರು. ಹುಣಸೆಯ ಕೊಂಬೆ ಹಿಡಿದುಕೊಂಡು ಸೊಂಟ ಆ ಕಡೆ ಈ ಕಡೆ ತಿರುಗಿಸುತ್ತ ಕಾಲಲ್ಲೇ ತಿಕ್ಕತೊಡಗಿದರು. ಬೇರೆ ದಿನವಾಗಿದ್ದರೆ ಈ ಕುಣಿತಕ್ಕೆ ಮೇಷ್ಟ್ರು ಏನಾದರೂ ಅನ್ನದೆ ಬಿಡುತ್ತಿರಲಿಲ್ಲ. ಅವತ್ತು ಬೇರಿನ ಮೇಲೆ ಕುಳಿತು ನೋಡಿದರು. ನೆರಳು ಸರಿದಂತೆ ತಾವೂ ಸರಿದರು. ಮೂರು ಪಾತ್ರೆಗೂ ಕಲಾಯಿ ಆಗುವವರೆಗೆ ಎದ್ದು ಹೋಗಲಿಲ್ಲ.

ಸಾಬರು ತಿದಿ ಮಡಿಸಿ ಗಾಡಿಗೆ ಏರಿಸುವಾಗ ಹೇಳಿದರು: "ಯುಗಾದಿ ಆದ ಮೇಲೆ ಇನ್ನೊಂದು ಸುತ್ತು ಆ ಕಡೆ ಹೋಗೋದದೆ ಮೇಷ್ಟ್ರೇ. ಭೇರ್ಯಕ್ಕೂ ಹೋಯ್ತೀನಿ. ಮನೆಯವ್ಳೂ ಜೊತೇಲಿ ಬತ್ತಾಳೆ, ಅವಳಣ್ಣನ್ನ ನೋಡ್ಬೇಕಂತೆ. ಏನಾರ ಹೇಳೋದದಾ?"

ಮೇಷ್ಟ್ರು ಬಾಯಿ ತೆರೆದರು. ಊರಿನ ಯಾವ ಸಂಗತಿಗೂ ಒಂದು ಮಾತು ಸಿದ್ಧವಿದ್ದ ಬಾಯಿ ಅದು.

"ಬಿಸಿಲು ಜಾಸ್ತಿ," ಎಂದರು. "ನೀರು ಕುಡೀತಾ ಹೋಗಿ."

ಯುಗಾದಿ ಬಂತು. ಮೇಷ್ಟ್ರು ತಾವೇ ಮಾವಿನೆಲೆ ಕಟ್ಟಿದರು, ಬೇವುಬೆಲ್ಲ ಒಬ್ಬರೇ ತಿಂದರು. ಮಾರನೆಯ ದಿನ ಬೆಳಗಾಗುವುದರೊಳಗೆ ಕೋಟು ಹಾಕಿಕೊಂಡು, ರುಮಾಲು ಸುತ್ತಿ, ಹುಣಸೂರಿನ ದಾರಿ ಹಿಡಿದರು. ಪೇಟೆಯಲ್ಲಿ ಒಂದು ಕುಪ್ಪಸದ ಕಣ ಕೊಂಡರು. ಹಸಿರು ಬಣ್ಣದ್ದು, ಕೆಂಪು ಅಂಚು. ಅರಿಶಿನ, ಕುಂಕುಮ ಕೊಂಡರು. ಬಳೆ ಅಂಗಡಿಯವನು ಕೈ ಅಳತೆ ಕೇಳಿದ. ಮೇಷ್ಟ್ರು ತಮ್ಮ ಬೆರಳುಗಳನ್ನು ಸೇರಿಸಿ ಒಂದು ಸುತ್ತು ಮಾಡಿದರು, ಸ್ವಲ್ಪ ಕಿರಿದು ಮಾಡಿದರು, ಮತ್ತೆ ಹಿಗ್ಗಿಸಿದರು. ಆಮೇಲೆ ಕೈ ಕೆಳಗೆ ಹಾಕಿ, "ಬೇಡ ಬಿಡಪ್ಪ," ಎಂದರು.

ಎಡತೊರೆಯ ಕಡೆ ಹೋಗುವ ಗಾಡಿಗಳು ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರ ನಿಂತಿದ್ದವು. ಮೇಷ್ಟ್ರು ಕಟ್ಟೆಯ ಮೇಲೆ ಕುಳಿತರು. ಒಂದು ಗಾಡಿ ಹೊರಟಿತು. ಗಾಡಿಯವನು, "ಬತ್ತೀರಾ ಸ್ವಾಮಿ?" ಎಂದ. "ಮುಂದಿನದಕ್ಕೆ," ಎಂದರು. ಮುಂದಿನದೂ ಹೊರಟಿತು. ಹೊಳೆಯಲ್ಲಿ ಮಡಿವಾಳರು ಹರಡಿದ ಬಟ್ಟೆಗಳು ಒಣಗಿದವು, ಅವನ್ನು ಅವರು ಮಡಿಸಿ ಕತ್ತೆಗಳ ಮೇಲೆ ಹೇರಿಕೊಂಡು ಹೋದರು. ಹೊತ್ತು ಇಳಿದಾಗ ಮೇಷ್ಟ್ರು ಎದ್ದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು.

"ಎಲ್ಲಿಗೋಗಿದ್ರಿ, ಕೋಟು ಗೀಟು ಹಾಕ್ಕೊಂಡು?" ಎಂದು ಸಣ್ಣಬೀರಯ್ಯ ಕೇಳಿದ.

"ಸೀಮೆಸುಣ್ಣ ಮುಗಿದಿತ್ತು ಕಣೋ."

ಕುಪ್ಪಸದ ಕಣವನ್ನು ಎಲ್ಲಿಡಬೇಕೋ ಅವರಿಗೆ ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟರು, ತೆಗೆದರು. ಕಡೆಗೆ ಅರಿಶಿನ ಕುಂಕುಮದ ಪೊಟ್ಟಣದ ಜೊತೆ ಅದನ್ನು ದೊಡ್ಡ ತಪ್ಪಲೆಯೊಳಗೆ ಇಟ್ಟು ಮುಚ್ಚಳ ಮುಚ್ಚಿದರು.

ಆಮೇಲೆ ಜಗಲಿಯ ಮೇಲೆ ಮಾತು ತೆಳುವಾಯಿತು. ಮೇಷ್ಟ್ರು ಏನೋ ಶುರುಮಾಡುವರು, ಅದರಲ್ಲಿ ಗಂಡ ಹೆಂಡತಿ ಬಂದ ಕೂಡಲೇ ದಾರಿ ತಪ್ಪಿ, "ಅದಿರಲಿ," ಎಂದು ನಿಲ್ಲಿಸುವರು. ಗಂಡ ಹೆಂಡತಿ ಬಾರದ ಮಾತು ಲೋಕದಲ್ಲಿ ಎಷ್ಟಿದ್ದೀತು? ಜನ ಬರುವುದು ಕಡಿಮೆಯಾಯಿತು. "ಮೇಷ್ಟ್ರಿಗೆ ಉಷ್ಣ ಆಗ್ಬುಟ್ಟದೆ, ಮಜ್ಜಿಗೆ ಕುಡೀಲಿ," ಎಂದು ಸಣ್ಣಬೀರಯ್ಯ ಒಂದು ಸಂಜೆ ಮನೆಯಿಂದ ಮಜ್ಜಿಗೆ ತಂದುಕೊಟ್ಟು, ಕೂರದೆ ಹೋದ. ಕುಡಿಕೆ ತೊಳೆದು ಬೋರಲು ಹಾಕುವಾಗ ಮೇಷ್ಟ್ರ ಕಣ್ಣು ಮೂಲೆಯ ದೊಡ್ಡ ತಪ್ಪಲೆಯ ಕಡೆ ಹೋಯಿತು. ಅದನ್ನು ಮತ್ತೆ ಅಟ್ಟಕ್ಕೆ ಏರಿಸಬೇಕು ಎಂದುಕೊಂಡರು. ಮಾರನೆಯ ದಿನವೂ ಅಂದುಕೊಂಡರು.

ಚೈತ್ರದ ಕೊನೆಯ ಭಾನುವಾರ, ಬಿಸಿಲು ಇಳಿಯುವ ಹೊತ್ತಿನಲ್ಲಿ ಇಮಾಮ್ ಸಾಬರ ಗಾಡಿ ಶಾಲೆಯ ಮುಂದೆ ನಿಂತಿತು. ಹಿಂದೆ ಕಟ್ಟಿದ ಸೀರೆಯ ಪರದೆ ಸರಿಸಿ ಮೊದಲು ಒಂದು ಪೆಟ್ಟಿಗೆ ಹೊರಬಂತು, ಆಮೇಲೆ ಗುರುಶಾಂತಮ್ಮ ಇಳಿದಳು. ಒಳಗಿನಿಂದ ಸಾಬರ ಹೆಂಡತಿ ಜೀನತುನ್ನೀಸಾ, "ಮೆಟ್ಟಿಲು ನೋಡ್ಕೊಂಡು ತಾಯಿ," ಎಂದಳು.

ಮೇಷ್ಟ್ರು ಜಗಲಿಯ ಮೇಲೆ ಪೊರಕೆ ಹಿಡಿದು ನಿಂತಿದ್ದರು. ಗುರುಶಾಂತಮ್ಮನ ಹಣೆಯ ಮೇಲೆ ನಾಲ್ಕಾರು ಬಿಳಿಕೂದಲು ಬಂದಿದ್ದವು. ಆಕೆ ಅವರನ್ನು ಒಮ್ಮೆ ನೋಡಿ, ಪೆಟ್ಟಿಗೆ ಎತ್ತಿಕೊಂಡು, ಬಲಗಾಲು ಮುಂದಿಟ್ಟು ಒಳಗೆ ಹೋದಳು.

"ನಾನೇನೂ ಕರೀಲಿಲ್ಲ ಮೇಷ್ಟ್ರೇ," ಎಂದರು ಇಮಾಮ್ ಸಾಬರು, ತಪ್ಪು ಮಾಡಿದವರ ಹಾಗೆ. "ನೀವು ಏನೂ ಹೇಳ್ಲಿಲ್ಲ, ನಾನ್ಯಾಕೆ ಹೇಳ್ಲಿ? ಅವ್ರ ಅಂಗಳದಲ್ಲೇ ಬೆಂಕಿ ಹಾಕಿದ್ದೆ. ಕೊಡ ತಂದಿಟ್ರು. 'ಕಂಪಲಾಪುರದ ಕಡೆ ಹೋಯ್ತೀರಾ' ಅಂದ್ರು. 'ಹೋಗಿದ್ದೆ ತಾಯಿ, ಅಲ್ಲಿ ಮೇಷ್ಟ್ರು ಅಟ್ಟದ ಮೇಲಿಂದ ದೊಡ್ಡ ತಪ್ಪಲೆ ಇಳಿಸಿ ಕಲಾಯಿ ಹಾಕಿಸ್ಕೊಂಡ್ರು, ಹೆಸರಿನ ಕಿಲುಬೂ ತೆಗೆಸಿದ್ರು' ಅಂದೆ. ಅಷ್ಟೇ ಕಣ್ರೀ ನಾನಂದಿದ್ದು. ಕೊಡ ಅಲ್ಲೇ ಬುಟ್ಟು ಒಳಗೋದ್ರು. ಪೆಟ್ಟಿಗೆ ತಕ್ಕೊಂಡೇ ಬಂದ್ರು. ಅವ್ರಪ್ಪ 'ಯಾರವ್ವ ಕರೆದೋರು? ಯಾರು ಮಡಿಲು ತುಂಬಿದ್ರು?' ಅಂತ ಬಾಗ್ಲಿಗೆ ಅಡ್ಡ ನಿಂತ್ರು. 'ತಪ್ಪಲೆ ಇಳಿಸವ್ರಂತೆ ಕಣಪ್ಪ' ಅಂದ್ರು. ಮುದುಕ ಬಾಗ್ಲು ಬುಟ್ಟ. ಅವ್ರವ್ವ ವೀರಮ್ಮೋರು ಒಳಗಡೆ ಅಳ್ತಾ ಇದ್ರು. ನಾನು ನಮಾಜಿಗೆ ಹೋಗಿ ಬರೋವರೆಗೂ ಇವ್ರು ಗಾಡಿ ಪಕ್ಕದಲ್ಲೇ ಬಿಸಿಲಲ್ಲಿ ನಿಂತಿದ್ರು. ನಮ್ಮವ್ಳು ನೆರಳಿಗೆ ಬನ್ನಿ ಅಂತ ಎಷ್ಟು ಕರೆದ್ರೂ ಬರ್ಲಿಲ್ಲ."

ಸಾಬರು ಎತ್ತಿನ ಬಾಲ ಮುಟ್ಟಿದರು. ಗಾಡಿ ಪಿರಿಯಾಪಟ್ಟಣದ ದಾರಿಗೆ ತಿರುಗಿತು.

ಜಗಲಿಗೆ ಆ ಸಂಜೆ ಯಾರೂ ಬರಲಿಲ್ಲ. ಸಣ್ಣಬೀರಯ್ಯ ಹುಣಸೆ ಮರದವರೆಗೆ ಬಂದು, ಹಿಂದಿನ ಕೋಣೆಯಿಂದ ಹೊಗೆ ಏಳುವುದನ್ನು ನೋಡಿ, ಕುರಿಗಳನ್ನು ಬೇರೆ ಬೀದಿಗೆ ಹೊಡೆದುಕೊಂಡು ಹೋದ. ಪುಟ್ಟಮಲ್ಲಮ್ಮ ಸಾರು ತರಲಿಲ್ಲ.

ಒಳಗೆ ಗುರುಶಾಂತಮ್ಮ ಒಲೆ ಹಚ್ಚಿದ್ದಳು. ಉಪ್ಪು ಎಲ್ಲಿ, ಅಕ್ಕಿ ಎಲ್ಲಿ ಎಂದು ಕೇಳಲಿಲ್ಲ. ಒಂದೇ ಕೋಣೆ, ಎಲ್ಲ ಕಣ್ಣಿಗೆ ಕಾಣುವಂತೆಯೇ ಇತ್ತು. ಮೇಷ್ಟ್ರು ಗೋಡೆಗೆ ಒರಗಿ ಕುಳಿತರು. ಏನಾದರೂ ಹೇಳಬೇಕೆಂದು ಹುಡುಕಿದರು. ದಾರಿಯ ಬಿಸಿಲಿನ ವಿಷಯ ಕೇಳಬಹುದಿತ್ತು. ಹೊಳೆ ಹೇಗೆ ದಾಟಿದಿರಿ ಎಂದು ಕೇಳಬಹುದಿತ್ತು. ಮಗುವನ್ನು ಮಣ್ಣು ಮಾಡಿದ ಜಾಗದಲ್ಲಿ ಈಗ ಏನಿದೆ ಎಂದು ಕೇಳಬೇಕಿತ್ತು. ಹಸಿ ಸೌದೆ ಒಂದು ಕಡೆಯಿಂದ ನೊರೆ ಬಿಡುತ್ತಿತ್ತು.

ಆಕೆ ಮೂಲೆಯ ದೊಡ್ಡ ತಪ್ಪಲೆಯ ಹತ್ತಿರ ಹೋಗಿ, ಅಂಚಿನಲ್ಲಿ ಕೆತ್ತಿದ ತನ್ನ ಹೆಸರನ್ನು ನೋಡಿ, ಮುಚ್ಚಳ ತೆಗೆದಳು. ಒಳಗಿನ ಬಿಳುಪು ಅವಳ ಮುಖಕ್ಕೆ ಹೊಡೆಯಿತು. ತಳದಲ್ಲಿ ಹಸಿರು ಕಣ ಮಡಿಸಿದ ಹಾಗೇ ಇತ್ತು, ಅದರ ಮೇಲೆ ಪೊಟ್ಟಣ. ಬಗ್ಗಿ ಎರಡನ್ನೂ ತೆಗೆದಳು. ಅವರ ಕಡೆ ತಿರುಗಲಿಲ್ಲ. ಸೆರಗನ್ನು ಮುಂದಕ್ಕೆ ತಂದು, ಕಣವನ್ನೂ ಪೊಟ್ಟಣವನ್ನೂ ಅದರಲ್ಲಿ ಇಟ್ಟುಕೊಂಡು, ಎರಡು ತುದಿಯನ್ನೂ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಮಡಿಲನ್ನು ಒಂದು ಕೈಯಲ್ಲಿ ಹಿಡಿದೇ, ಇನ್ನೊಂದು ಕೈಯಿಂದ ಪುಟ್ಟ ತಪ್ಪಲೆಯನ್ನು ಒಲೆಯ ಮೇಲಿಟ್ಟು, ಎರಡು ಹಿಡಿ ಅಕ್ಕಿ ಹಾಕಿದಳು.

"ಭೇರ್ಯ ಬಿಟ್ಟದ್ದು ಯಾವತ್ತು?" ಎಂದರು ಮೇಷ್ಟ್ರು ಕಡೆಗೆ. ಅವರ ದನಿ ಅವರಿಗೇ ಹೊಸದಾಗಿ ಕೇಳಿಸಿತು.

ಗುರುಶಾಂತಮ್ಮ ಸೌದೆಯನ್ನು ಸ್ವಲ್ಪ ಒಳಕ್ಕೆ ನೂಕಿದಳು.

"ಶುಕ್ರವಾರ," ಎಂದಳು.